ಒಳಗಿನ ಸ್ಕ್ಯಾನ್‌ನಿಂದ ಮಗುವಿಗೆ ತೊಂದರೆಯೇ?

ಪ್ರಶ್ನೆ: ನನ್ನ ಮೊದಲ ಹೆರಿಗೆ 30ನೇ ವಾರಕ್ಕೇ ತಾನಾಗಿ ಆಗಿಬಿಟ್ಟಿತು. ಈಗ 17 ವಾರ. ಯೋನಿಯ ಮೂಲಕ ಸ್ಕ್ಯಾನ್ ಮಾಡಿಸಿ ಎಂದಿದ್ದಾರೆ. ಭಯವಾಗುತ್ತಿದೆ. ಹೊಟ್ಟೆ ಮೇಲಿನ ಸ್ಕ್ಯಾನ್ ಸಾಲದೇ?

ಉತ್ತರ: ಭಯ ಬೇಡಮ್ಮ, ಖಂಡಿತ ಮಾಡಿಸಿ. ಕಾಂಡೋಮ್ ಹೊದಿಸಿ ಜೆಲ್ ಹಚ್ಚಿದ ಪ್ರೋಬ್ (ಸ್ಕ್ಯಾನ್ ಮಾಡುವ ಕಡ್ಡಿ) ಯೋನಿಯಲ್ಲೇ ನಿಲ್ಲುತ್ತದೆ. ಗರ್ಭಕೋಶದ ಕೊರಳಿನೊಳಗೆ ಹೋಗುವುದಿಲ್ಲ, ಮಗುವನ್ನು ಮುಟ್ಟುವುದಿಲ್ಲ. ನಿಮ್ಮಲ್ಲಿ ನೋಡಬೇಕಾದದ್ದು ಆ ಕೊರಳಿನ ಉದ್ದ; ಅದು ಗಿಡ್ಡವಾದರೆ ಮತ್ತೆ ಬೇಗ ಹೆರಿಗೆಯಾಗುವ ಸಂಭವ ಹೆಚ್ಚು. ಹೊಟ್ಟೆ ಮೇಲಿಂದ ಅದು ಸ್ಪಷ್ಟವಾಗಿ ಕಾಣುವುದಿಲ್ಲ.

ಮೂತ್ರ ಮಾಡಿ ಬಂದೇ ಮಲಗಿ. ಮೂತ್ರಕೋಶ ತುಂಬಿದ್ದರೆ ಕೊರಳು ಒತ್ತಿಕೊಂಡು, ಇರುವುದಕ್ಕಿಂತ ಉದ್ದವಾಗಿ ಕಾಣುತ್ತದೆ. ಪ್ರೋಬ್ ಜೋರಾಗಿ ಒತ್ತಿದರೂ ಅದೇ ತಪ್ಪು. ಅವಸರದ ಅಳತೆ ನಂಬಬೇಡಿ: ಮೂರರಿಂದ ಐದು ನಿಮಿಷ ನೋಡಿ, ಮೂರು ಸಲ ಅಳೆದು, ಸರಿಯಾಗಿ ಬಂದವುಗಳಲ್ಲಿ ಅತಿ ಚಿಕ್ಕದನ್ನೇ ಬರೆಯಬೇಕು.

ಸಾಮಾನ್ಯವಾಗಿ 24 ವಾರದವರೆಗೆ ಎರಡು ವಾರಕ್ಕೊಮ್ಮೆ ನೋಡುತ್ತಾರೆ. 25 ಮಿಲಿಮೀಟರ್‌ಗಿಂತ ಕಡಿಮೆಯಾದರೆ ರಾತ್ರಿ ಯೋನಿಯಲ್ಲಿಡುವ 200 ಮಿಲಿಗ್ರಾಂ ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಔಷಧಿ, ಇಲ್ಲವೇ ಕೊರಳಿಗೆ ಹೊಲಿಗೆಯ ಬಗ್ಗೆ ನಿಮ್ಮ ವೈದ್ಯರು ನಿರ್ಧರಿಸುತ್ತಾರೆ. ನಿಮ್ಮ ಹಿಂದಿನ ಹೆರಿಗೆಯ ಚೀಟಿ ತಪ್ಪದೆ ಒಯ್ಯಿರಿ.

ನೀರು ಹೋದರೆ, ರಕ್ತ ಕಂಡರೆ ಅಥವಾ ಹೊಟ್ಟೆ ಬಿಟ್ಟು ಬಿಟ್ಟು ಬಿಗಿಯಾದರೆ ಮುಂದಿನ ಸ್ಕ್ಯಾನ್ ದಿನಕ್ಕೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ.