ಕೋಡ್ ಬಿಡಿ, ಮೊದಲು ಗ್ಲೌಸ್‌ನ ಹೊಲಿಗೆ ನೋಡಿ

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವನು, ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಮೆಟ್ಟುಗತ್ತಿಯಲ್ಲಿ (ಕಾಲಿನಿಂದ ಮೆಟ್ಟಿ ಹಿಡಿಯುವ ಕತ್ತಿ) ಅಡಿಕೆ ಸುಲಿಯುವುದನ್ನು ವಿಆರ್‌ನಲ್ಲಿ, ಅಂದರೆ ಹೆಡ್‌ಸೆಟ್ ಹಾಕಿ ನೋಡುವ ಕೃತಕ ಲೋಕದಲ್ಲಿ, ಕಲಿಸಲು ಗ್ಲೌಸ್ ಮಾಡುತ್ತಿದ್ದೇವೆ. ಐದು ಬೆರಳಿಗೂ ಎಷ್ಟು ಬಾಗಿತು ಎಂದು ಅಳೆಯುವ ಫ್ಲೆಕ್ಸ್ ಸೆನ್ಸರ್ ಪಟ್ಟಿ ಅಂಟಿಸಿ ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್‌ಗೆ ಕೊಟ್ಟಿದ್ದೇವೆ. ಹತ್ತು ನಿಮಿಷ ಚೆನ್ನಾಗಿರುತ್ತದೆ. ಆಮೇಲೆ ಕೈ ಬಿಚ್ಚಿದರೂ ವಿಆರ್‌ನಲ್ಲಿ ಬೆರಳು ಅರ್ಧ ಮಡಚಿಯೇ ಕಾಣುತ್ತದೆ. ಕೋಡ್‌ನಲ್ಲಿ ಎಲ್ಲಿ ತಪ್ಪಿದ್ದೇವೆ?

ಉತ್ತರ: ತಪ್ಪು ಕೋಡ್‌ನಲ್ಲಿ ಇರಲಿಕ್ಕಿಲ್ಲ. ಒಂದು ಚಿಕ್ಕ ಪರೀಕ್ಷೆ ಮಾಡಿ. ದಾರದ ತುದಿಯನ್ನು ತೋರುಬೆರಳಿನ ಉಗುರಿಗೆ ಟೇಪ್ ಹಾಕಿ ಅಂಟಿಸಿ. ಬೆರಳಿನ ಬೆನ್ನ ಮೇಲೆ ಹಾಯಿಸಿ, ಮಣಿಕಟ್ಟಿನ ಹತ್ತಿರ ಸಡಿಲವಾಗಿ ಹಿಡಿಯಿರಿ. ಈಗ ಮುಷ್ಟಿ ಕಟ್ಟಿ. ದಾರ ಮುಂದಕ್ಕೆ ಜಾರಿತು, ಅಲ್ವಾ? ಬೆರಳು ಮಡಚಿದಾಗ ಅದರ ಬೆನ್ನು ಅಷ್ಟು ಉದ್ದವಾಗುತ್ತದೆ. ಸೆನ್ಸರ್ ಪಟ್ಟಿ ಬಗ್ಗುತ್ತದೆಯೇ ಹೊರತು ಹಿಗ್ಗುವುದಿಲ್ಲ. ಎರಡೂ ತುದಿ ಅಂಟಿಸಿದ್ದರೆ ಅದು ಬಟ್ಟೆಯನ್ನೇ ಎಳೆದುಕೊಂಡು ಜರುಗುತ್ತದೆ. ಕೈ ಬಿಚ್ಚಿದಾಗ ವಾಪಸ್ ಬಾರದೆ ಉಬ್ಬಿ ನಿಲ್ಲುತ್ತದೆ. ಆ ಉಬ್ಬನ್ನೇ ನಿಮ್ಮ ಬೋರ್ಡ್ ಮಡಚಿದ ಬೆರಳು ಅಂದುಕೊಳ್ಳುತ್ತಿದೆ.

ಹಾಗಾಗಿ ಪಟ್ಟಿಯ ಬುಡವನ್ನು ಮಾತ್ರ ಹಿಂಗೈ ಮೇಲೆ ಭದ್ರವಾಗಿ ಹೊಲಿಯಿರಿ. ವೈರ್ ಸೇರುವ ಆ ಜಾಗವೇ ಬೇಗ ಮುರಿಯುವುದು, ಅಲ್ಲಿ ಬಾಗು ಬೀಳಬಾರದು. ಉಳಿದ ಭಾಗ ಪೈಜಾಮದ ಲಾಡಿಯ ಹಾಗೆ ತೆಳ್ಳನೆ ಬಟ್ಟೆಯ ದಾರಿಯೊಳಗೆ ಹಿಂದೆ ಮುಂದೆ ಜಾರಲಿ. ಅಂದಹಾಗೆ, ಪರೀಕ್ಷೆಗೆ ಬಳಸಿದ ಆ ದಾರವೇ ಸೆನ್ಸರ್ ಆಗಬಹುದು. ಲೂಸಿಡ್‌ಗ್ಲೌಸ್ ಅನ್ನುವ ವಿಆರ್ ಗ್ಲೌಸ್‌ನ ಮುಕ್ತ ವಿನ್ಯಾಸದಲ್ಲಿ ಐಡಿ ಕಾರ್ಡ್ ರೀಲ್‌ನ ದಾರವನ್ನು ಬೆರಳ ತುದಿಗೆ ಕಟ್ಟಿ, ರೀಲ್ ಎಷ್ಟು ತಿರುಗಿತು ಎಂದು, ತಿರುಗಿದಷ್ಟೂ ರೋಧ ಬದಲಾಗುವ ಪೊಟೆನ್ಶಿಯೋಮೀಟರ್‌ನಿಂದ ಅಳೆಯುತ್ತಾರೆ. ಖರ್ಚೂ ಕಡಿಮೆ.

ಇನ್ನು ಬೆವರು. ನಮ್ಮ ಮಳೆಗಾಲದಲ್ಲಿ ತೊಳೆದ ಬಟ್ಟೆಯೇ ಎರಡು ದಿನ ಒಣಗುವುದಿಲ್ಲ, ಗ್ಲೌಸ್ ಒಣಗುತ್ತದೆಯೇ? ಒದ್ದೆಯಾದರೆ ಬಟ್ಟೆ ಸಡಿಲವಾಗುತ್ತದೆ, ಬೆಸುಗೆಗಳ ನಡುವೆ ಕರೆಂಟ್ ಸೋರಿ ರೀಡಿಂಗ್ ಕೆಡುತ್ತದೆ. ಒಳಗೆ ತೆಳು ಹತ್ತಿ ಗ್ಲೌಸ್ ಹಾಕಿ, ಒಗೆಯಲು ಅದೊಂದನ್ನೇ ತೆಗೆದರಾಯಿತು. ಬೆಸುಗೆಗೆ ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಕೊಳವೆ ಇರಲಿ. ಪ್ರತಿ ಸಲ ಹಾಕಿಕೊಂಡಾಗಲೂ ಮೂರು ಸಲ ಮುಷ್ಟಿ ಕಟ್ಟಿ ಬಿಚ್ಚಿಸಿ, ಕನಿಷ್ಠ ಗರಿಷ್ಠ ಹೊಸದಾಗಿ ದಾಖಲಿಸಿ. ನಿನ್ನೆಯ ಅಳತೆ ಇವತ್ತಿಗೆ ಆಗುವುದಿಲ್ಲ. ವೈಫೈ ಬಳಸುತ್ತಿದ್ದರೆ ಸೆನ್ಸರ್‌ಗಳನ್ನು ಬೋರ್ಡ್‌ನ 32ರಿಂದ 39ರವರೆಗಿನ ಪಿನ್‌ಗಳಿಗೇ ಕೊಡಿ, ವೈಫೈ ಇರುವಾಗ ಉಳಿದ ಪಿನ್‌ಗಳಲ್ಲಿ ಸೆನ್ಸರ್ ರೀಡಿಂಗ್ ಸಿಗುವುದಿಲ್ಲ.

ಹೆಬ್ಬೆರಳಿಗೆ ಒಂದೇ ಸೆನ್ಸರ್ ಖಂಡಿತ ಸಾಲದು. ಅದು ಮಡಚುವುದಷ್ಟೇ ಅಲ್ಲ, ಬುಡದಿಂದ ಪಕ್ಕಕ್ಕೂ ಅಂಗೈ ಕಡೆಗೂ ಹೊರಳುತ್ತದೆ. ತೋರುಬೆರಳಿಗೂ ಅದಕ್ಕೂ ನಡುವಿನ ಜಾಗದಲ್ಲಿ ಇನ್ನೊಂದು ಹಾಕಿ. ಎಲ್ಲಿ ಹಾಕಬೇಕು ಎಂದು ತಿಳಿಯಲು, ನಿಮ್ಮ ಮನೆಯ ಹತ್ತಿರ ಅಡಿಕೆ ಸುಲಿಯುವ ಅಮ್ಮಂದಿರ ಪಕ್ಕ ಅರ್ಧ ಗಂಟೆ ಕೂತು ಅವರ ಕೈ ನೋಡಿ. ಕೇಳಿದರೆ ಖುಷಿಯಿಂದ ತೋರಿಸುತ್ತಾರೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಹೆಡ್‌ಸೆಟ್ ಹಾಕಿದವರಿಗೆ ಎದುರಿಗಿರುವುದು ಕಾಣುವುದಿಲ್ಲ. ಅಭ್ಯಾಸದ ಹೊತ್ತಿಗೆ ನಿಜವಾದ ಮೆಟ್ಟುಗತ್ತಿ ಆ ಕೋಣೆಯಲ್ಲೇ ಇರಬಾರದು. ಅದರ ಜಾಗದಲ್ಲಿ ಅಂಚು ಉಜ್ಜಿ ದುಂಡಗೆ ಮಾಡಿದ ಮರದ ತುಂಡು ನಿಲ್ಲಿಸಿ.