ಭುಜ ನೋಯುತ್ತಿದೆ, ಭಾರ ಎತ್ತುವುದನ್ನು ಬಿಡಬೇಕೇ?

ಪ್ರಶ್ನೆ: ನನಗೆ 34 ವರ್ಷ. ಆರು ವರ್ಷಗಳಿಂದ ಜಿಮ್‌ಗೆ ಹೋಗುತ್ತಿದ್ದೇನೆ. ಎರಡು ತಿಂಗಳಿಂದ ಬೆಂಚ್ ಪ್ರೆಸ್ (ಬೆಂಚಿನ ಮೇಲೆ ಮಲಗಿ ಬಾರನ್ನು ಎದೆಯಿಂದ ಮೇಲಕ್ಕೆ ತಳ್ಳುವುದು) ಮಾಡುವಾಗ ಬಲಭುಜದ ಹೊರಬದಿಯಲ್ಲಿ ಚುಚ್ಚಿದಂತಾಗುತ್ತದೆ. ಕೈಯನ್ನು ಪಕ್ಕದಿಂದ ಮೇಲೆತ್ತಿದರೆ ನಡುವೆ ನೋವು, ಪೂರ್ತಿ ಮೇಲೆ ಹೋದ ಮೇಲೆ ಇಲ್ಲ. ಮೂರು ವಾರ ಏನೂ ಮಾಡದೆ ಸುಮ್ಮನಿದ್ದೆ, ನೋವು ಹೋಯಿತು. ಮತ್ತೆ 70 ಕೆ.ಜಿ. ಹಾಕಿದ ದಿನವೇ ಮರಳಿ ಬಂತು. ಇನ್ನೆಷ್ಟು ದಿನ ವಿಶ್ರಾಂತಿ ಬೇಕು?

ಉತ್ತರ: ವಿಶ್ರಾಂತಿಯಿಂದ ನಿಮ್ಮ ನೋವು ಆರಿತು, ಆದರೆ ಭುಜದ ತಾಳಿಕೆ ಮರಳಲಿಲ್ಲ. ನೋವು ಹೋದರೆ ವಾಸಿಯಾಯಿತು ಎಂದುಕೊಂಡು ಮೋಸಹೋಗುವವರೇ ಹೆಚ್ಚು. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ಗಟ್ಟಿಯಾಗುತ್ತದೆ, ಭಾರ ನಿಂತರೆ ಸಡಿಲವಾಗುತ್ತದೆ. ಮೊದಲೇ ಸೋತಿದ್ದ ರಜ್ಜುವಿಗೆ ಮೂರು ವಾರ ಕೆಲಸವೇ ಕೊಡದೆ, ಒಂದೇ ದಿನ 70 ಕೆ.ಜಿ. ಹೊರಿಸಿದ್ದೀರಿ. ಅದು ತಿರುಗಿಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ. ಇನ್ನೂ ಮೂರು ವಾರ ಸುಮ್ಮನಿದ್ದರೂ ಕತೆ ಇದೇ ಆಗುತ್ತದೆ.

ಭುಜದ ಕೀಲಿನಲ್ಲಿ ತೋಳುಮೂಳೆಯ ಗುಂಡು ದೊಡ್ಡದು, ಅದು ಕೂರುವ ಗುಳಿ ಚಿಕ್ಕದು, ಆಳವೂ ಇಲ್ಲ. ಗುಂಡನ್ನು ಗುಳಿಯ ನಡುವೆ ಹಿಡಿದಿಡುವುದು ರೊಟೇಟರ್ ಕಫ್ ಎಂಬ ನಾಲ್ಕು ಸ್ನಾಯುಗಳ ಕೆಲಸ: ಸುಪ್ರಾಸ್ಪೈನೇಟಸ್, ಇನ್‌ಫ್ರಾಸ್ಪೈನೇಟಸ್, ಟೆರೀಸ್ ಮೈನರ್, ಸಬ್‌ಸ್ಕ್ಯಾಪುಲಾರಿಸ್. ಮೊದಲನೆಯದರ ರಜ್ಜು ಭುಜದ ತುದಿಯ ಎಲುಬಿನ ಕೆಳಗೆ ಹಾದುಹೋಗುತ್ತದೆ. ಕೈ ಏರುವಾಗ ಸುಮಾರು 60ರಿಂದ 120 ಡಿಗ್ರಿವರೆಗೆ ಮಾತ್ರ ನೋವಿದ್ದರೆ ಮೊದಲ ಅನುಮಾನ ಅದರ ಮೇಲೆ. ನಿಮ್ಮ ವರ್ಣನೆಯೂ ಹಾಗೆಯೇ ಇದೆ. ಆದರೂ ಒಮ್ಮೆ ಫಿಸಿಯೊಥೆರಪಿಸ್ಟ್ ಕೈಹಿಡಿದು ಪರೀಕ್ಷಿಸಲಿ, ಕಾಗದದ ಮೇಲೆ ನೋಡಿ ಹೇಳುವ ಮಾತಿಗೆ ಅಷ್ಟೇ ಬೆಲೆ.

ಈಗ ಅಳತೆ ಒಂದನ್ನು ಕಲಿಯಿರಿ. ನೋವಿಲ್ಲದಿದ್ದರೆ 0, ತಡೆಯಲಾರದ್ದಕ್ಕೆ 10 ಎಂದಿಟ್ಟುಕೊಳ್ಳಿ. ಭಾರ ಎತ್ತುವಾಗ 3ರವರೆಗಿನ ನೋವನ್ನು ಸಹಿಸಬಹುದು. ಆದರೆ ಅಸಲಿ ತೀರ್ಪು ಮರುದಿನ ಬೆಳಿಗ್ಗೆ. ಎದ್ದ ಕೂಡಲೇ ಕೈಯನ್ನು ಪಕ್ಕದಿಂದ ಒಂದು ಸಲ ಮೇಲೆತ್ತಿ, ಎಷ್ಟು ನೋವೆಂದು ಬರೆದಿಡಿ. ಹಿಂದಿನ ಬೆಳಿಗ್ಗೆಗಿಂತ ಹೆಚ್ಚಿಲ್ಲದಿದ್ದರೆ ನಿನ್ನೆಯ ಭಾರ ಸರಿಯಾಗಿತ್ತು. ಹೆಚ್ಚಿದ್ದರೆ ಮುಂದಿನ ಸಲ ಮೊದಲು ಸೆಟ್ (ಬಿಡುವಿಲ್ಲದೆ ಮಾಡುವ ಒಂದು ಸುತ್ತು) ಕಡಿಮೆ ಮಾಡಿ, ಅದರಿಂದಲೂ ಆಗದಿದ್ದರೆ ಕೆ.ಜಿ. ಇಳಿಸಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ಗೊತ್ತಾಗುವುದಿಲ್ಲ. ನೋವಿನ ಮಾತ್ರೆ ನುಂಗಿ ಎತ್ತಬೇಡಿ, ಈ ಅಳತೆಯೇ ಸುಳ್ಳಾಗುತ್ತದೆ.

ಬೆಂಚ್ ಪ್ರೆಸ್ ಬದಲು ಮೊದಲ ನಾಲ್ಕು ವಾರ ನೆಲದ ಮೇಲೆ ಮಲಗಿ ಡಂಬೆಲ್‌ನಿಂದ ಪ್ರೆಸ್ ಮಾಡಿ. ಮೊಣಕೈ ನೆಲಕ್ಕೆ ತಾಗಿದೊಡನೆ ಕೈ ಕೆಳಗಿಳಿಯುವುದು ನಿಲ್ಲುತ್ತದೆ. ಎದೆಮಟ್ಟಕ್ಕಿಂತ ಕೆಳಗೆ ಮೊಣಕೈ ಹೋದಾಗ ಭುಜದ ಮುಂಭಾಗ ಜಗ್ಗಿಸಿಕೊಳ್ಳುವ ಆ ಕೊನೆಯ ಹಂತವೇ ಇದರಲ್ಲಿ ಇಲ್ಲ. ಅಂಗೈಗಳು ಒಂದಕ್ಕೊಂದು ಎದುರಾಗಿರಲಿ. ಮೊಣಕೈಯನ್ನು ಪಕ್ಕಕ್ಕೆ ರೆಕ್ಕೆಯಂತೆ ಹರಡದೆ, ದೇಹದಿಂದ 45 ಡಿಗ್ರಿಯಷ್ಟು ಮಾತ್ರ ದೂರ ಇಡಿ. ಮೂರು ಎಣಿಸುತ್ತಾ ಇಳಿಸಿ, ನೆಲಕ್ಕೆ ಬಡಿಯದಂತೆ ಒಂದು ಕ್ಷಣ ನಿಲ್ಲಿಸಿ, ಆಮೇಲೆ ತಳ್ಳಿ. 10 ರೆಪ್‌ನ (ಒಂದು ಸಲ ಇಳಿಸಿ ಎತ್ತಿದರೆ ಒಂದು ರೆಪ್) 3 ಸೆಟ್, ವಾರಕ್ಕೆ ಎರಡು ಸಲ.

ನಾಲ್ಕು ವಾರ ಬೆಳಗಿನ ಲೆಕ್ಕ ಸರಿಯಿದ್ದರೆ ಬಾರ್‌ಬೆಲ್‌ಗೆ ಮರಳಿ. ಹಳೆಯ ಭಾರದ ಅರ್ಧ, ಅಂದರೆ 35 ಕೆ.ಜಿ.ಯಿಂದ ಶುರು. ಭುಜಗಳ ಅಗಲದ ಒಂದೂವರೆ ಪಟ್ಟು ಮೀರಿ ಬಾರ್ ಹಿಡಿಯಬೇಡಿ. ವಾರಕ್ಕೆ 2.5 ಕೆ.ಜಿ. ಏರಿಸುತ್ತಾ ಹೋದರೆ 70 ತಲುಪಲು 14 ವಾರ ಬೇಕು. ದೀರ್ಘವೆನ್ನಿಸಬಹುದು. ಆದರೆ ಸ್ನಾಯು ಕೆಲವೇ ವಾರಗಳಲ್ಲಿ ಬಲಿಯುತ್ತದೆ, ರಜ್ಜು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತದೆ. ಐದನೇ ವಾರಕ್ಕೆ ನಿಮಗೆ 60 ಎತ್ತುವ ಹುರುಪು ಬರುತ್ತದೆ, ಬಹಳ ಜನರ ಭುಜ ಎರಡನೇ ಸಲ ಕೆಡುವುದು ಆ ವಾರದಲ್ಲೇ.

ತಲೆಯ ಮೇಲೆ ತಳ್ಳುವ ಪ್ರೆಸ್ ಬದಲಿಗೆ ಸದ್ಯ ಲ್ಯಾಂಡ್‌ಮೈನ್ ಪ್ರೆಸ್ ಮಾಡಿ. ಬಾರ್‌ನ ಒಂದು ತುದಿಯನ್ನು ನೆಲದ ಮೂಲೆಗೆ ಆನಿಸಿ, ಇನ್ನೊಂದು ತುದಿಯನ್ನು ಓರೆಯಾಗಿ ಮುಂದಕ್ಕೆ ತಳ್ಳುವುದು. ಕತ್ತಿನ ಹಿಂದಿನಿಂದ ಮಾಡುವ ಪ್ರೆಸ್, ಗಲ್ಲದವರೆಗೆ ಎಳೆಯುವ ಅಪ್‌ರೈಟ್ ರೋ, ಎರಡು ಕಂಬಿಗಳ ಮೇಲೆ ಕೈಯೂರಿ ದೇಹವನ್ನು ಇಳಿಸಿ ಏರಿಸುವ ಆಳವಾದ ಡಿಪ್ಸ್ ಈ ಮೂರನ್ನೂ ಈಗ ಪಕ್ಕಕ್ಕಿಡಿ. ರೋಯಿಂಗ್‌ನಂಥ ಎಳೆಯುವ ವ್ಯಾಯಾಮಗಳು ಸಾಮಾನ್ಯವಾಗಿ ಇಂಥ ಭುಜಕ್ಕೆ ಒಗ್ಗುತ್ತವೆ. ತಳ್ಳುವ ಒಂದು ಸೆಟ್‌ಗೆ ಎಳೆಯುವ ಎರಡು ಸೆಟ್ ಮಾಡಬಹುದು.

ಪ್ರಶ್ನೆ: ರೊಟೇಟರ್ ಕಫ್‌ಗೆಂದು ದಿನವೂ ನಿಂತುಕೊಂಡು, ಮೊಣಕೈ ಮಡಚಿ, 5 ಕೆ.ಜಿ. ಡಂಬೆಲ್ ಹಿಡಿದು ಒಳಗೆ ಹೊರಗೆ ತಿರುಗಿಸುತ್ತೇನೆ. ಮೂರು ತಿಂಗಳಾದರೂ ಏನೂ ಬದಲಾಗಿಲ್ಲ.

ಉತ್ತರ: ಡಂಬೆಲ್‌ನ ಭಾರ ನೆಲದ ಕಡೆಗೆ ಎಳೆಯುತ್ತದೆ, ನಿಮ್ಮ ಕೈ ಅಡ್ಡಕ್ಕೆ ತಿರುಗುತ್ತಿದೆ. ಎಳೆತದ ದಿಕ್ಕೂ ಚಲನೆಯ ದಿಕ್ಕೂ ಬೇರೆ, ಹಾಗಾಗಿ ತಿರುಗಿಸುವ ಸ್ನಾಯುಗಳಿಗೆ ಕೆಲಸವೇ ಬೀಳುತ್ತಿಲ್ಲ. ಮೂರು ತಿಂಗಳು ದುಡಿದದ್ದು ಮೊಣಕೈಯನ್ನು ಮಡಚಿ ಹಿಡಿದ ಬೈಸೆಪ್ಸ್, ಅಂದರೆ ತೋಳಿನ ಮುಂಭಾಗದ ಸ್ನಾಯು. ತುಂಬಾ ಕಡೆ ಕಾಣುವ ತಪ್ಪಿದು.

ನೋವು ಜಾಸ್ತಿ ಇರುವಾಗ ಅಲುಗಾಡದ ಒತ್ತಡದಿಂದ ಶುರುಮಾಡಿ. ಗೋಡೆಯ ಪಕ್ಕದಲ್ಲಿ ನಿಂತು, ಮೊಣಕೈಯನ್ನು 90 ಡಿಗ್ರಿ ಮಡಚಿ ಪಕ್ಕೆಗೆ ಆನಿಸಿ, ಮುಂಗೈಯ ಹಿಂಬದಿಯಿಂದ ಗೋಡೆಯನ್ನು ಒತ್ತಿ. ಇರುವ ಬಲದ ಅರ್ಧ ಸಾಕು. 30ರಿಂದ 45 ಸೆಕೆಂಡ್ ಹಿಡಿದು, ಒಂದು ನಿಮಿಷ ಬಿಟ್ಟು, ಹೀಗೆ ನಾಲ್ಕೈದು ಸಲ. ದಿನವೂ ಮಾಡಬಹುದು.

ಒಂದೆರಡು ವಾರದ ನಂತರ ಪಕ್ಕಕ್ಕೆ ಮಲಗಿ, ನೋಯುವ ಭುಜ ಮೇಲಿರಲಿ. ಮೊಣಕೈಗೂ ಪಕ್ಕೆಲುಬಿಗೂ ನಡುವೆ ಸುತ್ತಿದ ಟವೆಲ್ ಇಡಿ. ಟವೆಲ್ ಜಾರಿಬಿದ್ದರೆ ಮೊಣಕೈ ದೇಹದಿಂದ ದೂರ ಸರಿಯಿತೆಂದು ತಿಳಿಯುತ್ತದೆ. 1 ಕೆ.ಜಿ. ಡಂಬೆಲ್ ಹಿಡಿದು ಮುಂಗೈಯನ್ನು ಹೊಟ್ಟೆಯ ಕಡೆಯಿಂದ ಚಾವಣಿಯ ಕಡೆಗೆ ತಿರುಗಿಸಿ, ಮೂರು ಎಣಿಸುತ್ತಾ ಇಳಿಸಿ. 12ರಿಂದ 15 ರೆಪ್‌ನ 3 ಸೆಟ್, ವಾರಕ್ಕೆ ಮೂರು ದಿನ. ಕೊನೆಯ ಎರಡು ರೆಪ್ ಕಷ್ಟವಾಗಬೇಕು, ಆದರೆ ಮಣಿಕಟ್ಟು ಬಾಗಬಾರದು, ಸೊಂಟ ಹಿಂದಕ್ಕೆ ಹೊರಳಬಾರದು. ಈ ಸ್ನಾಯುಗಳು ಚಿಕ್ಕವು. ಭಾರ ಹೆಚ್ಚಾದರೆ ಭುಜದ ಹೊರಗಿನ ದೊಡ್ಡ ಸ್ನಾಯು ನಡುವೆ ಬಂದು ಕೆಲಸ ಕಸಿದುಕೊಳ್ಳುತ್ತದೆ. ಮಲಗಲು ಜಾಗವಿಲ್ಲದಿದ್ದರೆ ರಬ್ಬರ್ ಬ್ಯಾಂಡನ್ನು ಮೊಣಕೈ ಎತ್ತರದಲ್ಲಿ ಕಟ್ಟಿ ಅಡ್ಡಕ್ಕೆ ಎಳೆಯಿರಿ. ಅಲ್ಲಿ ಎಳೆತ ಸರಿಯಾದ ದಿಕ್ಕಿನಲ್ಲಿ ಬರುತ್ತದೆ.

ಇದರ ಜೊತೆಗೆ ಬೆನ್ನ ಮೇಲಿನ ಹೆಗಲಹಲಗೆಯನ್ನೂ ಮರೆಯಬೇಡಿ. ಕೈ ಪೂರ್ತಿ 180 ಡಿಗ್ರಿ ಏರುವಾಗ ಸುಮಾರು 120 ಡಿಗ್ರಿ ಕೀಲಿನಿಂದ ಬಂದರೆ ಉಳಿದ 60 ಬರುವುದು ಈ ಹಲಗೆ ತಿರುಗುವುದರಿಂದ. ಪುಷ್‌ಅಪ್‌ನಲ್ಲಿ ಮೇಲೆ ಬಂದ ಮೇಲೆ ಮೊಣಕೈ ಮಡಚದೆ ಇನ್ನೂ ಒಂದೆರಡು ಅಂಗುಲ ನೆಲವನ್ನು ತಳ್ಳಿ, ಹಲಗೆಗಳು ಪಕ್ಕಕ್ಕೆ ಸರಿಯಲಿ. ಕೆಳಗೆ ಕಷ್ಟವಾದರೆ ಗೋಡೆಗೆ ಕೈಯಿಟ್ಟು ಮಾಡಿ.

ಯಾವಾಗ ಮಾಡಬೇಕೆಂಬುದೂ ಮುಖ್ಯ. ಪ್ರೆಸ್‌ಗೆ ಮೊದಲು ಬಿಸಿಯಾಗಲು ಹಗುರವಾದ ಒಂದು ಸೆಟ್ ಸಾಕು. ಮೂರು ಸೆಟ್ ಮಾಡಿ ದಣಿಸಿದರೆ, ಗುಂಡನ್ನು ಹಿಡಿದಿಡಬೇಕಾದ ಸ್ನಾಯುಗಳು ಸುಸ್ತಾಗಿರುವಾಗಲೇ ದೊಡ್ಡ ಭಾರ ಎತ್ತಿದಂತಾಗುತ್ತದೆ. ಪೂರ್ತಿ ಕಸರತ್ತು ಕೊನೆಯಲ್ಲಿರಲಿ.

ಪ್ರಶ್ನೆ: ಸ್ಕ್ವಾಟ್ ಮಾಡಲು ಬಾರ್ ಬೆನ್ನಿಗಿಟ್ಟರೆ ಸಾಕು, ಭುಜ ಸಿಡಿಯುತ್ತದೆ. ಕಾಲಿನ ವ್ಯಾಯಾಮವನ್ನೂ ನಿಲ್ಲಿಸಲೇ?

ಉತ್ತರ: ಖಂಡಿತ ಬೇಡ. ಬಾರ್ ಹಿಡಿಯಲು ಕೈ ಹಿಂದಕ್ಕೆ ಹೋಗಿ ಹೊರಕ್ಕೆ ತಿರುಗುವುದೇ ತೊಂದರೆ, ಸ್ಕ್ವಾಟ್ ಅಲ್ಲ. ಡಂಬೆಲನ್ನು ಎದೆಗೆ ಅವಚಿ ಗಾಬ್ಲೆಟ್ ಸ್ಕ್ವಾಟ್ ಮಾಡಿ, ಅಥವಾ ಲೆಗ್ ಪ್ರೆಸ್. ಮುಂದೆ ಹಿಡಿಗಳಿರುವ ಸೇಫ್ಟಿ ಬಾರ್ ಇದ್ದರೆ ಇನ್ನೂ ಒಳ್ಳೆಯದು. ನೆಲದಿಂದ ಬಾರ್ ಎತ್ತಿ ನಿಲ್ಲುವ ಡೆಡ್‌ಲಿಫ್ಟ್‌ನಲ್ಲಿ ಕೈ ನೇರ ಇಳಿಬಿದ್ದಿರುವುದರಿಂದ ಹಲವರಿಗೆ ನೋವಿಲ್ಲದೆ ಸಾಗುತ್ತದೆ. ನೋಯುವ ಕಡೆಯ ಅಂಗೈ ಮೇಲ್ಮುಖವಾಗಿ ಹಿಡಿಯಬೇಡಿ, ಬೈಸೆಪ್ಸ್ ರಜ್ಜು ಜಗ್ಗುತ್ತದೆ. ಇನ್ನೊಂದು ಕೈಯ ತರಬೇತಿಯನ್ನೂ ಬಿಡಬೇಡಿ. ಒಂದು ಕೈ ದುಡಿದರೆ ಸುಮ್ಮನಿರುವ ಕೈಯ ಬಲವೂ ಸ್ವಲ್ಪಮಟ್ಟಿಗೆ ಉಳಿಯುತ್ತದೆ, ನರಗಳ ಮೂಲಕ ಆಗುವ ಲಾಭವಿದು.

ಪ್ರಶ್ನೆ: ವಯಸ್ಸು 56. ಎಂಆರ್‌ಐಯಲ್ಲಿ ಸುಪ್ರಾಸ್ಪೈನೇಟಸ್ ಭಾಗಶಃ ಹರಿದಿದೆ ಎಂದು ಬಂದಿದೆ. ಡಂಬೆಲ್ ಮುಟ್ಟಿದರೆ ಪೂರ್ತಿ ಹರಿದುಹೋಗುತ್ತದೆಂಬ ಭಯ. ಸ್ಟಿರಾಯ್ಡ್ ಚುಚ್ಚುಮದ್ದು ತೆಗೆದುಕೊಂಡರೆ ಬೇಗ ಎತ್ತಬಹುದೇ?

ಉತ್ತರ: ವಯಸ್ಸಾದಂತೆ ಈ ರಜ್ಜು ಸವೆಯುವುದು ಕೂದಲು ನರೆತಷ್ಟೇ ಸಾಮಾನ್ಯ. ಯಾವ ನೋವೂ ಇಲ್ಲದವರ ಭುಜದ ಚಿತ್ರ ತೆಗೆದರೂ ಹಲವರಲ್ಲಿ ರಜ್ಜು ಹೀಗೆ ಹರಿದಿರುವುದು ಕಾಣುತ್ತದೆ. ಆದ್ದರಿಂದ ವರದಿಯ ಶಬ್ದಕ್ಕೆ ಹೆದರಿ ಕೈಯನ್ನು ಕಟ್ಟಿಹಾಕಬೇಡಿ. ಭಾಗಶಃ ಹರಿದದ್ದಕ್ಕೆ ಸಾಮಾನ್ಯವಾಗಿ ಮೊದಲ ಚಿಕಿತ್ಸೆಯೇ ವ್ಯಾಯಾಮ. ಸುಮಾರು 12 ವಾರ ನಿಷ್ಠೆಯಿಂದ ಮಾಡಿ ನೋಡಿದ ಮೇಲೆ ಮುಂದಿನ ಮಾತು. ಮೇಲಿನ ಉತ್ತರದಲ್ಲಿ ಹೇಳಿದ ಗೋಡೆ ಒತ್ತುವುದರಿಂದಲೇ ಆರಂಭಿಸಿ, ಆದರೆ ಭಾರ ಏರಿಸುವ ವೇಗ ಅರ್ಧಕ್ಕಿಳಿಯಲಿ.

ಚುಚ್ಚುಮದ್ದು ಕೆಲವು ವಾರ ನೋವು ತಗ್ಗಿಸುತ್ತದೆ. ರಾತ್ರಿ ನಿದ್ದೆಯೇ ಬಾರದವರಿಗೆ ಅದು ವ್ಯಾಯಾಮಕ್ಕೆ ದಾರಿ ಮಾಡಿಕೊಡಬಹುದು. ಆದರೆ ರಜ್ಜುವನ್ನು ಹೊಲಿಯುವ ಗುಣ ಅದಕ್ಕಿಲ್ಲ, ಮತ್ತೆ ಮತ್ತೆ ತೆಗೆದುಕೊಂಡರೆ ರಜ್ಜು ದುರ್ಬಲವಾಗುತ್ತದೆ. ಬೇಗ ಎತ್ತಲೆಂದು ತೆಗೆದುಕೊಳ್ಳುವುದು ತೀರಾ ತಪ್ಪು. ಚುಚ್ಚಿಸಿಕೊಂಡ ಮೇಲೆ ಯಾವಾಗ ಭಾರಕ್ಕೆ ಮರಳಬೇಕೆಂದು ಕೊಟ್ಟ ವೈದ್ಯರನ್ನೇ ಕೇಳಿ, ನೋವಿಲ್ಲವೆಂದು ಮರುದಿನವೇ ಬಾರ್ ಹಿಡಿಯಬೇಡಿ.

ಇಲ್ಲಿ ಒಂದು ಎಚ್ಚರಿಕೆ, ಇದನ್ನು ಎಲ್ಲ ಓದುಗರೂ ಗಮನಿಸಬೇಕು. ಬಿದ್ದ ಮೇಲೆ ಅಥವಾ ಭಾರ ಎತ್ತುವಾಗ ‘ಟಪ್’ ಎಂದು, ಆಮೇಲೆ ಕೈ ಎತ್ತಲೇ ಆಗದಿದ್ದರೆ ವ್ಯಾಯಾಮ ಮಾಡುತ್ತಾ ಕೂರಬೇಡಿ. ಅದು ಪೂರ್ತಿ ಹರಿದಿರಬಹುದು, ಅಂಥದ್ದನ್ನು ತಡಮಾಡದೆ ಮೂಳೆ ತಜ್ಞರಿಗೆ ತೋರಿಸಬೇಕು. ಭುಜದ ಆಕಾರ ಬದಲಾಗಿದ್ದರೆ, ಕೈ ಜೋಮುಹಿಡಿದಿದ್ದರೆ, ಜ್ವರದೊಂದಿಗೆ ಕೀಲು ಕೆಂಪಾಗಿ ಬಾತಿದ್ದರೆ ಅದೇ ದಿನ ಹೋಗಿ. ಎಡಭುಜದ ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರುಕಟ್ಟುವಿಕೆ ಇದ್ದರೆ ಅದು ಭುಜದ ಪ್ರಶ್ನೆಯೇ ಅಲ್ಲ, ತಕ್ಷಣ ಆಸ್ಪತ್ರೆಗೆ. ಇನ್ನು, ಬೇರೆಯವರು ಮೆಲ್ಲಗೆ ತಿರುಗಿಸಿದರೂ ಕೈ ಹೊರಕ್ಕೆ ತಿರುಗದಷ್ಟು ಬಿಗಿದಿದ್ದರೆ ಅದು ಫ್ರೋಜನ್ ಶೋಲ್ಡರ್ ಇರಬಹುದು. ಮಧುಮೇಹಿಗಳಲ್ಲಿ ಇದು ಹೆಚ್ಚು, ಇದರ ಚಿಕಿತ್ಸೆಯ ದಾರಿ ಬೇರೆ.

ಪ್ರಶ್ನೆ: ನಾಲ್ಕು ತಿಂಗಳ ಹಿಂದೆ ಭುಜ ಕೀಲು ತಪ್ಪಿತ್ತು. ವಯಸ್ಸು 22. ಈಗ ನೋವಿಲ್ಲ. ಹಿಂದಿನಂತೆ ಎಲ್ಲವನ್ನೂ ಎತ್ತಬಹುದೇ?

ಉತ್ತರ: ನಿಮಗೆ ನೋವಿನ ಅಳತೆ ನಡೆಯುವುದಿಲ್ಲ. ಭುಜ ಸಾಮಾನ್ಯವಾಗಿ ಮುಂದಕ್ಕೆ ತಪ್ಪುತ್ತದೆ, ಆಗ ಗುಳಿಯ ಅಂಚಿನ ಮೃದ್ವಸ್ಥಿಯೂ ಕಿತ್ತಿರಬಹುದು. ಇಂಥ ಭುಜ ನೋಯದೆಯೇ ಮತ್ತೆ ಜಾರಬಲ್ಲದು, ಎಳೆಯ ವಯಸ್ಸಿನವರಲ್ಲಿ ಮರುಕಳಿಸುವ ಸಂಭವ ಬಹಳ ಹೆಚ್ಚು. ಚೆಂಡು ಎಸೆಯಲು ಕೈಯನ್ನು ಪಕ್ಕಕ್ಕೆತ್ತಿ ಹಿಂದಕ್ಕೊಯ್ದ ಭಂಗಿಯಲ್ಲಿ ‘ಜಾರಿಬಿಡುತ್ತದೆ’ ಎಂಬ ಅಳುಕು ಬಂದರೆ ಕೀಲು ಇನ್ನೂ ಸಡಿಲವಾಗಿದೆ. ಆ ಅಳುಕು ಇರುವವರೆಗೆ ಕತ್ತಿನ ಹಿಂದೆ ಬಾರ್ ಇಳಿಸುವುದು, ಅಗಲ ಹಿಡಿತದ ಬೆಂಚ್ ಪ್ರೆಸ್, ಮಲಗಿ ಡಂಬೆಲ್‌ಗಳನ್ನು ಪಕ್ಕಕ್ಕೆ ರೆಕ್ಕೆಯಂತೆ ಇಳಿಸುವ ಆಳದ ಫ್ಲೈ ಯಾವುದೂ ಬೇಡ. ರೋಯಿಂಗ್, ನೆಲದ ಪ್ರೆಸ್, ಬ್ಯಾಂಡನ್ನು ಒಳಕ್ಕೆ ಎಳೆಯುವ ವ್ಯಾಯಾಮ ಮಾಡುತ್ತಿರಿ. ಕೀಲಿನ ಮುಂದೆ ಕಾವಲಿರುವ ಸಬ್‌ಸ್ಕ್ಯಾಪುಲಾರಿಸ್‌ಗೆ ಬಲ ಬರುವುದು ಈ ಕೊನೆಯದರಿಂದ. ತಜ್ಞರು ಪರೀಕ್ಷಿಸಿ ಒಪ್ಪಿದ ಮೇಲಷ್ಟೇ ತಲೆಯ ಮೇಲೆ ಎತ್ತಿ.

ಪ್ರಶ್ನೆ: ಹಗಲು ಪರವಾಗಿಲ್ಲ, ರಾತ್ರಿ ನೋವಿಗೆ ಎಚ್ಚರವಾಗುತ್ತದೆ.

ಉತ್ತರ: ನೋಯುವ ಭುಜದ ಮೇಲೆ ಮಲಗಬೇಡಿ. ಅಂಗಾತ ಮಲಗಿದರೆ ಮೊಣಕೈ ಕೆಳಗೆ ಮಡಚಿದ ಬಟ್ಟೆಯಿಟ್ಟು, ಕೈ ದೇಹಕ್ಕಿಂತ ಹಿಂದಕ್ಕೆ ಬೀಳದಂತೆ ನೋಡಿಕೊಳ್ಳಿ. ಇನ್ನೊಂದು ಮಗ್ಗುಲಿಗೆ ಮಲಗಿದರೆ ಎದೆಯ ಮುಂದೆ ದಿಂಬಿಟ್ಟು ಅದರ ಮೇಲೆ ಕೈ ಊರಿ. ಸಂಜೆ ತಡವಾಗಿ ಪ್ರೆಸ್ ಮಾಡಿದ ರಾತ್ರಿಗಳಲ್ಲೇ ಹೆಚ್ಚು ಎಚ್ಚರವಾಗುತ್ತಿದ್ದರೆ, ಆ ದಿನದ ಸೆಟ್‌ಗಳಲ್ಲಿ ಒಂದನ್ನು ಕಡಿಮೆ ಮಾಡಿ ಒಂದು ವಾರ ನೋಡಿ.