ಯಾರ ಬೆರಳು, ಯಾರ ಬರಹ: ಹೆಲೆನ್ ಕೆಲರ್ ಸಾಕ್ಷ್ಯಚಿತ್ರದ ಹಿಂದಿನ ಕಾಗದಪತ್ರಗಳು

ಪ್ರಶ್ನೆ: ನಾನು ವಿಶೇಷ ಶಿಕ್ಷಣದ ಬಿ.ಇಡಿ. ವಿದ್ಯಾರ್ಥಿನಿ. ಅಮೆರಿಕದ ಲೇಖಕಿ ಹೆಲೆನ್ ಕೆಲರ್ ಅವರನ್ನು ಕುರಿತು 1954ರಲ್ಲಿ ತಯಾರಾದ ಸಾಕ್ಷ್ಯಚಿತ್ರವನ್ನು ನೋಡಿದ ಮೇಲೆ ಅದರ ಬಗ್ಗೆಯೇ ಪ್ರಬಂಧ ಬರೆಯಬೇಕೆಂದುಕೊಂಡಿದ್ದೇನೆ. ಆ ಚಿತ್ರಕ್ಕೆ ಆಧಾರವಾದ ಜೀವನದ ಮೂಲ ಕಾಗದಪತ್ರಗಳು ಎಲ್ಲಿವೆ? ಇಲ್ಲಿಂದಲೇ ಅವನ್ನು ನೋಡಲು ಸಾಧ್ಯವೇ? ಕಣ್ಣು ಕಿವಿ ಎರಡೂ ಇಲ್ಲದ ಒಬ್ಬರ ಕಾಗದಗಳಲ್ಲಿ ಅವರದೇ ಮಾತು ಎಷ್ಟಿರುತ್ತದೆ ಎಂಬ ಅನುಮಾನವೂ ನನಗಿದೆ. (ಓದುಗರು, ಧಾರವಾಡ)

ಉತ್ತರ: ನಿಮ್ಮ ಕೊನೆಯ ಅನುಮಾನವೇ ಈ ವಿಷಯದ ತಿರುಳು. ಅಲ್ಲಿಗೆ ಹೋಗುವ ಮೊದಲು ಚಿತ್ರದ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಅದು ಮೊದಲು 'ದಿ ಅನ್‌ಕಾಂಕರ್ಡ್' ಎಂಬ ಹೆಸರಿನಲ್ಲಿ ತೆರೆಗೆ ಬಂದು, ಆಮೇಲೆ 'ಹೆಲೆನ್ ಕೆಲರ್ ಇನ್ ಹರ್ ಸ್ಟೋರಿ' ಎಂದು ಹೆಸರು ಬದಲಿಸಿಕೊಂಡಿತು. ನಿರ್ದೇಶಕಿ ನ್ಯಾನ್ಸಿ ಹ್ಯಾಮಿಲ್ಟನ್ ರಂಗಭೂಮಿಯಿಂದ ಬಂದವರು. 'ಹೌ ಹೈ ದ ಮೂನ್' ಎಂಬ ಪ್ರಸಿದ್ಧ ಜಾಝ್ ಹಾಡಿನ ಸಾಹಿತ್ಯವೂ ಅವರದೇ. ನಿರೂಪಣೆಯ ದನಿ ನಟಿ ಕ್ಯಾಥರೀನ್ ಕಾರ್ನೆಲ್ ಅವರದು, ಆಕೆ ಕೆಲರ್ ಅವರ ಗೆಳತಿ. 1956ರ ಸಮಾರಂಭದಲ್ಲಿ ಆಸ್ಕರ್ ಪಡೆದ ಈ ಚಿತ್ರವನ್ನು ಹೀಗೆ ಆಪ್ತರೇ ಸೇರಿ ಮಾಡಿದ್ದಾರೆ ಎಂಬುದನ್ನು ಪ್ರಬಂಧದ ಆರಂಭದಲ್ಲೇ ಬರೆದುಕೊಳ್ಳಿ. ಅದರ ನೋಟದಲ್ಲಿ ಪ್ರೀತಿ ಇದೆ, ವಿಚಾರಣೆ ಇಲ್ಲ.

ಕೆಲರ್ ಅವರ ಕಾಗದಗಳ ದೊಡ್ಡ ಭಾಗ ಅವರು 1924ರಿಂದ ದುಡಿದ ಅಮೆರಿಕನ್ ಫೌಂಡೇಷನ್ ಫಾರ್ ದ ಬ್ಲೈಂಡ್ ಸಂಸ್ಥೆಗೆ ಸೇರಿತು. ಆ ಸಂಸ್ಥೆ ಅವುಗಳ ಡಿಜಿಟಲ್ ಪ್ರತಿಗಳನ್ನು ಸಾರ್ವಜನಿಕರಿಗೆ ತೆರೆದಿಟ್ಟಿದೆ. ಪುಟಚಿತ್ರಗಳ ಸಂಖ್ಯೆ ಒಂದೂವರೆ ಲಕ್ಷವನ್ನು ಮೀರುತ್ತದೆ. ಮೂಲ ಪ್ರತಿಗಳು 2020ರಲ್ಲಿ ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿರುವ ಅಮೆರಿಕನ್ ಪ್ರಿಂಟಿಂಗ್ ಹೌಸ್ ಫಾರ್ ದ ಬ್ಲೈಂಡ್‌ಗೆ ಹೋದವು. ಅಂದಮೇಲೆ ಧಾರವಾಡದಲ್ಲಿ ಕುಳಿತೇ ನಿಮ್ಮ ಕೆಲಸದ ಮುಕ್ಕಾಲು ಪಾಲು ಆಗುತ್ತದೆ. ದೃಷ್ಟಿಯಿಲ್ಲದವರೂ ಸ್ಕ್ರೀನ್ ರೀಡರ್ (ತೆರೆಯ ಮೇಲಿನ ಬರಹವನ್ನು ಓದಿಹೇಳುವ ತಂತ್ರಾಂಶ) ಹಿಡಿದು ಓದಬಲ್ಲಂತೆ ಈ ಸಂಗ್ರಹವನ್ನು ರೂಪಿಸಿರುವುದು ನನಗೆ ಬಹಳ ಹಿಡಿಸಿದ ಸಂಗತಿ. ಇಲ್ಲವಾದರೆ ಕೆಲರ್ ಅವರ ಪತ್ರಗಳನ್ನು ಕೆಲರ್ ಅವರಂಥವರೇ ಓದಲಾಗದ ವಿಪರ್ಯಾಸ ಉಳಿದುಬಿಡುತ್ತಿತ್ತು. ಬಾಲ್ಯದ ಕಾಗದಗಳಿಗಾಗಿ ಮ್ಯಾಸಚೂಸೆಟ್ಸ್‌ನ ವಾಟರ್‌ಟೌನ್‌ನಲ್ಲಿರುವ ಪರ್ಕಿನ್ಸ್ ಅಂಧರ ಶಾಲೆಯ ಸಂಗ್ರಹವನ್ನೂ, ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರೊಂದಿಗಿನ ಪತ್ರವ್ಯವಹಾರಕ್ಕಾಗಿ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿರುವ ಬೆಲ್ ಕುಟುಂಬದ ಕಾಗದಗಳನ್ನೂ ನೋಡಬೇಕು.

ಉಳಿದದ್ದರ ಜೊತೆಗೆ ಕಳೆದುಹೋದದ್ದರ ಲೆಕ್ಕವೂ ನಿಮ್ಮ ಬಳಿ ಇರಲಿ. 1946ರ ಕೊನೆಯಲ್ಲಿ ಕೆಲರ್ ಯುರೋಪ್ ಪ್ರವಾಸದಲ್ಲಿದ್ದಾಗ ಕನೆಕ್ಟಿಕಟ್‌ನ ಅವರ ಮನೆ ಬೆಂಕಿಗೆ ಆಹುತಿಯಾಯಿತು. ತಮ್ಮ ಗುರು ಆನ್ ಸುಲಿವನ್ ಅವರನ್ನು ಕುರಿತು ವರ್ಷಗಟ್ಟಲೆ ಬರೆದಿಟ್ಟಿದ್ದ ಹಸ್ತಪ್ರತಿ ಅದರಲ್ಲಿ ಬೂದಿಯಾದ್ದರಿಂದ ಅವರು ಆ ಪುಸ್ತಕವನ್ನು ಮೊದಲಿನಿಂದ ಬರೆಯಬೇಕಾಯಿತು. ಅದು ಅಚ್ಚಾದದ್ದು 1955ರಲ್ಲಿ. ಮುಂದೆ 2001ರ ಸೆಪ್ಟೆಂಬರ್ 11ರಂದು, ಅವರ ಹೆಸರಿನ ಅಂತರರಾಷ್ಟ್ರೀಯ ಸಂಸ್ಥೆಯ ಕಚೇರಿ ನ್ಯೂಯಾರ್ಕ್‌ನ ವಿಶ್ವ ವಾಣಿಜ್ಯ ಕೇಂದ್ರದ ಪಕ್ಕದಲ್ಲೇ ಇದ್ದುದರಿಂದ, ಅಲ್ಲಿದ್ದ ಪತ್ರಗಳೂ ಚಿತ್ರಗಳೂ ಸುಟ್ಟುಹೋದವು. ಯಾವುದೋ ಒಂದು ವರ್ಷದ ಕಾಗದ ಸಿಗಲಿಲ್ಲವೆಂದ ಮಾತ್ರಕ್ಕೆ ಆ ವರ್ಷ ಅವರು ಸುಮ್ಮನಿದ್ದರು ಎಂದು ತೀರ್ಮಾನಿಸುವಂತಿಲ್ಲ.

ಇನ್ನು ನಿಮ್ಮ ಅನುಮಾನದ ವಿಚಾರ. ಕೆಲರ್ ಅವರ ಕಾಗದವೊಂದನ್ನು ತೆರೆದಾಗಲೆಲ್ಲ ಇದನ್ನು ಬರೆದ ಕೈ ಯಾರದು, ಇದಕ್ಕೆ ಬಂದ ಉತ್ತರವನ್ನು ಬೆರಳುಗಳಿಂದ ಒಂದೊಂದೇ ಅಕ್ಷರ ಮೂಡಿಸಿ ಅವರ ಅಂಗೈಗೆ ಓದಿಹೇಳಿದ ಕೈ ಯಾರದು ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಅವರ ಪೆನ್ಸಿಲ್ ಬರಹವನ್ನು ಗುರುತಿಸುವುದು ಸುಲಭ. ಗೀರುಗಳಿರುವ ಹಲಗೆಯ ಮೇಲೆ ಹಾಳೆಯಿಟ್ಟು, ಎಡಗೈ ಬೆರಳನ್ನು ಪೆನ್ಸಿಲ್ಲಿನ ಮೊನೆಗೆ ಕಾವಲಿಟ್ಟು ಬರೆಯುತ್ತಿದ್ದುದರಿಂದ ಅಕ್ಷರಗಳು ಒಂದಕ್ಕೊಂದು ಅಂಟಿಕೊಳ್ಳದೆ, ಚೌಕ ಚೌಕವಾಗಿ, ಒಂದೇ ಎತ್ತರದಲ್ಲಿ ಸಾಲಾಗಿ ನಿಂತಿರುತ್ತವೆ. ದೊಡ್ಡವರಾದ ಮೇಲೆ ಹೆಚ್ಚಿನ ಪತ್ರಗಳನ್ನು ಟೈಪ್‌ರೈಟರ್‌ನಲ್ಲಿ ತಾವೇ ಟೈಪ್ ಮಾಡುತ್ತಿದ್ದರು. ಆದರೆ ತಾವು ಟೈಪ್ ಮಾಡಿದ್ದನ್ನು ತಾವು ಓದುವಂತಿರಲಿಲ್ಲ. ತಪ್ಪು ತಿದ್ದಬೇಕಾದರೆ ಬೇರೊಬ್ಬರು ಅದನ್ನು ಬೆರಳಕ್ಷರದಲ್ಲಿ ಅವರ ಅಂಗೈಗೆ ಮರಳಿ ಹೇಳಬೇಕಿತ್ತು. ಆ ಬೇರೊಬ್ಬರು 1936ರಲ್ಲಿ ತೀರಿಕೊಳ್ಳುವವರೆಗೂ ಬಹುಪಾಲು ಆನ್ ಸುಲಿವನ್, ಆಮೇಲೆ ಅವರ ಒಡನಾಡಿ ಪಾಲಿ ಥಾಮ್ಸನ್. ಚಿತ್ರದಲ್ಲಿ ನೀವು ಕಾಣುವುದು ಈ ಪಾಲಿಯವರನ್ನು.

ಈ ನಡುವಿನ ಕೈಯ ಪ್ರಶ್ನೆ ಕೆಲರ್ ಅವರನ್ನು ಎಷ್ಟು ಕಾಡಿತೆಂಬುದು ಪರ್ಕಿನ್ಸ್ ಶಾಲೆಗೆ ಸಂಬಂಧಿಸಿದ ಒಂದು ಪ್ರಕರಣದಿಂದ ತಿಳಿಯುತ್ತದೆ. 1891ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಅವರು ಶಾಲೆಯ ನಿರ್ದೇಶಕರಾಗಿದ್ದ ಮೈಕೇಲ್ ಅನಾಗ್ನೊಸ್ ಅವರಿಗೆ 'ದ ಫ್ರಾಸ್ಟ್ ಕಿಂಗ್' ಎಂಬ ಕಥೆಯನ್ನು ಹುಟ್ಟುಹಬ್ಬದ ಉಡುಗೊರೆಯಾಗಿ ಕಳುಹಿಸಿದರು. ಅದು ಮಾರ್ಗರೆಟ್ ಕ್ಯಾನ್ಬಿ ಎಂಬ ಲೇಖಕಿಯ ಕಥೆಯನ್ನು ಬಹಳ ಹೋಲುತ್ತಿದೆಯೆಂಬುದು ಬೆಳಕಿಗೆ ಬಂದು, ಶಾಲೆಯವರು ಮಗುವನ್ನು ಒಬ್ಬಂಟಿಯಾಗಿ ಕೂರಿಸಿಕೊಂಡು ವಿಚಾರಣೆ ನಡೆಸಿದರು. ಹಿಂದೆಂದೋ ಯಾರೋ ಅಂಗೈಗೆ ಓದಿಹೇಳಿದ ಕಥೆ ಮರೆತಂತಾಗಿ, ತನ್ನದೇ ಕಲ್ಪನೆಯ ವೇಷದಲ್ಲಿ ಹಿಂತಿರುಗಿತ್ತು. ಹಲವು ವರ್ಷಗಳ ಬಳಿಕ ಸಂಗತಿ ತಿಳಿದ ಮಾರ್ಕ್ ಟ್ವೇನ್ ಆ ವಿಚಾರಣೆಯ ಬಗ್ಗೆ ಸಿಟ್ಟಾಗಿ ಕೆಲರ್ ಅವರಿಗೆ ಪತ್ರವನ್ನೇ ಬರೆದರು. ಕಣ್ಣು ಕಿವಿ ಇರುವ ಹನ್ನೊಂದರ ಮಗು ಹೀಗೆ ಮಾಡಿದ್ದರೆ ಯಾರೂ ಪಂಚಾಯಿತಿ ಸೇರಿಸುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಒಂದೇ ಘಟನೆಗೆ ಎರಡು ಕಾಗದಗಳಿದ್ದಾಗ ಅವನ್ನು ಹೇಗೆ ಓದಬೇಕೆಂಬುದಕ್ಕೆ ಪ್ರತಿ ವಸ್ತುವಿಗೂ ಒಂದು ಹೆಸರಿದೆಯೆಂದು ಪುಟ್ಟ ಹೆಲೆನ್‌ಗೆ ಮೊದಲು ಹೊಳೆದ 1887ರ ಏಪ್ರಿಲ್ 5ರ ನೀರಿನ ಪ್ರಸಂಗಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಅಂದೇ ಬರೆದ ಪತ್ರದಲ್ಲಿ ಸುಲಿವನ್ ಹೇಳುವುದು ಶಿಕ್ಷಕಿಯ ತೊಡಕನ್ನು: ಮಗುವಿಗೆ ಲೋಟವೂ ಅದರೊಳಗಿನ ಹಾಲೂ ಬೇರೆ ಬೇರೆಯೆಂದು ತಿಳಿಯುತ್ತಿಲ್ಲ, ಬೆಳಿಗ್ಗೆ ಮುಖ ತೊಳೆಯುವಾಗ ನೀರಿನ ಹೆಸರು ಕೇಳಿದಳು, ತಿಂಡಿಯಾದ ಮೇಲೆ ಪಂಪಿನ ಬಳಿ ಕರೆದೊಯ್ದು, ಲೋಟ ಹಿಡಿಸಿ, ನೀರು ತುಂಬಿ ಕೈಮೇಲೆ ಹರಿಯುವಾಗ ಆ ಪದವನ್ನು ಇನ್ನೊಂದು ಕೈಗೆ ಬರೆದರೆ ಗೊಂದಲ ಬಗೆಹರಿದೀತೆಂದು ಹೊಳೆಯಿತು. ಕೆಲವೇ ಗಂಟೆಗಳಲ್ಲಿ ಮಗು ಮೂವತ್ತು ಹೊಸ ಪದಗಳನ್ನು ಕಲಿತಳೆಂದು ಲೆಕ್ಕವನ್ನೂ ಕೊಡುತ್ತಾರೆ. ಸುಮಾರು ಹದಿನೈದು ವರ್ಷಗಳ ನಂತರ ಕೆಲರ್ ತಮ್ಮ ಆತ್ಮಕಥೆಯಲ್ಲಿ ಅದೇ ದಿನವನ್ನು ಬರೆದಾಗ, ಸಿಟ್ಟಿನಲ್ಲಿ ನೆಲಕ್ಕಪ್ಪಳಿಸಿದ ಗೊಂಬೆ ಮುಂದೆ ಬರುತ್ತದೆ, ನೀರಿನ ಬಳಿಗೆ ಹೋಗುವ ದಾರಿಯ ಹೂವಿನ ಪರಿಮಳ ಬರುತ್ತದೆ, ಮನೆಗೆ ಮರಳಿ ಗೊಂಬೆಯ ಚೂರುಗಳನ್ನು ತಡವಿ ಅತ್ತದ್ದು ಬರುತ್ತದೆ. ಎರಡರಲ್ಲಿ ಒಂದು ಸುಳ್ಳಲ್ಲ. ಒಂದು ಅಂದಿನ ವರದಿ, ಇನ್ನೊಂದು ಭಾಷೆ ಕಲಿತ ಮೇಲೆ, ಭಾಷೆಯಿಲ್ಲದ ದಿನಗಳನ್ನು ನೆನೆದದ್ದು. ತೆರೆಯ ಮೇಲೆ ಯಾವುದು ಬಂದರೂ ಯಾವ ಕಾಗದದಿಂದ ಬಂತೆಂದು ಗುರುತಿಸಿ.

ಅವರ ದಿನಚರಿಯನ್ನೂ ಗಣ್ಯರ ಭೇಟಿಗಳನ್ನೂ ಚಿತ್ರ ಚೆನ್ನಾಗಿ ತೋರಿಸುತ್ತದೆ. ಅಧ್ಯಕ್ಷ ಐಸೆನ್‌ಹೋವರ್ ಅವರ ಮುಖವನ್ನು ಬೆರಳುಗಳಿಂದ ನೋಡುವುದು, ಮಾರ್ಥಾ ಗ್ರಹಾಂ ಅವರ ನೃತ್ಯಶಾಲೆಯಲ್ಲಿ ನರ್ತಕರ ಹೆಜ್ಜೆಯನ್ನು ನೆಲದ ಅದುರಿನಿಂದ ಹಿಡಿಯುವುದು ಇವೆಲ್ಲ ಕಾಗದದಲ್ಲಿ ದೊರೆಯುವಂಥವಲ್ಲ. ಆದರೆ 1909ರಲ್ಲಿ ಸಮಾಜವಾದಿ ಪಕ್ಷ ಸೇರಿದ ಕೆಲರ್, 1916ರಲ್ಲಿ ಕಪ್ಪು ಜನರ ಹಕ್ಕಿನ ಸಂಸ್ಥೆಗೆ ನೂರು ಡಾಲರ್ ಕಳುಹಿಸಿ ತವರಿನವರ ಕೋಪಕ್ಕೆ ಗುರಿಯಾದ ಕೆಲರ್, ಅದೇ ವರ್ಷ ಕಾರ್ಯದರ್ಶಿ ಪೀಟರ್ ಫೇಗನ್ ಅವರನ್ನು ಮದುವೆಯಾಗಲು ಹೊರಟು ಮನೆಯವರ ತಡೆಗೆ ಸಿಕ್ಕ ಕೆಲರ್ ನಿಮಗೆ ಬೇಕಿದ್ದರೆ ಪತ್ರ, ಪತ್ರಿಕೆ, ಪುಸ್ತಕಗಳಿಗೇ ಹೋಗಬೇಕು. ಹಿತವಲ್ಲದ ಕಾಗದಗಳೂ ಇವೆ: 1915ರಲ್ಲಿ, ತೀವ್ರ ವೈಕಲ್ಯದೊಂದಿಗೆ ಹುಟ್ಟಿದ ಕೂಸೊಂದಕ್ಕೆ ಶಸ್ತ್ರಚಿಕಿತ್ಸೆ ನಿರಾಕರಿಸಿದ ವೈದ್ಯನ ಪರವಾಗಿ ಅವರು ಬರೆದರು. ಪ್ರಬಂಧದಲ್ಲಿ ಅದನ್ನು ಬಿಟ್ಟುಬಿಡಬೇಡಿ.

ಪ್ರಶ್ನೆ: ನಮ್ಮ ದೊಡ್ಡಮ್ಮನಿಗೆ ಚಿಕ್ಕಂದಿನಲ್ಲೇ ದೃಷ್ಟಿ ಹೋಗಿ, ನಡುವಯಸ್ಸಿನಲ್ಲಿ ಕಿವಿಯೂ ಕೇಳದಾಯಿತು. ಅವರು ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಒಂದು ಕಟ್ಟು ಬ್ರೈಲ್ ಹಾಳೆಗಳು ಸಿಕ್ಕಿವೆ. ಅವರ ಬಗ್ಗೆ ಚಿಕ್ಕ ಸಾಕ್ಷ್ಯಚಿತ್ರ ಮಾಡುವ ಆಸೆಯಿದೆ. ಆ ಹಾಳೆಗಳನ್ನು ಏನು ಮಾಡಲಿ? (ಓದುಗರು, ಶಿವಮೊಗ್ಗ)

ಉತ್ತರ: ಮೊದಲು ಕಟ್ಟಿನ ದಾರವನ್ನು ಸಡಿಲಿಸಿ, ಅದರ ಮೇಲೆ ಭಾರವಾದದ್ದೇನಾದರೂ ಇದ್ದರೆ ತೆಗೆಯಿರಿ. ಬ್ರೈಲ್‌ನಲ್ಲಿ ಬರಹವೆಂದರೆ ಉಬ್ಬು. ಒತ್ತಡ ಬಿದ್ದಷ್ಟೂ ಚುಕ್ಕೆ ಕುಗ್ಗುತ್ತದೆ, ಹಾಳೆ ನೋಡಲು ಚೆನ್ನಾಗಿದ್ದರೂ ಬೆರಳಿಗೆ ಏನೂ ಸಿಗುವುದಿಲ್ಲ. ಲ್ಯಾಮಿನೇಷನ್ ಮಾಡಿಸುವುದು, ಇಸ್ತ್ರಿ ಹಾಕುವುದು, ಸ್ಕ್ಯಾನರಿನ ಮುಚ್ಚಳ ಒತ್ತುವುದು ಬೇಡವೇ ಬೇಡ. ಹಾಳೆಗಳ ಕ್ರಮವನ್ನು ಬದಲಿಸದೆ, ಹಿಂಬದಿಯ ಮೂಲೆಯಲ್ಲಿ ಮೆತ್ತನೆಯ ಪೆನ್ಸಿಲ್ಲಿನಿಂದ ಸಂಖ್ಯೆ ಹಾಕಿ, ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿ ಕೆಲವೇ ಹಾಳೆಗಳಂತೆ ಸಡಿಲವಾಗಿ ಇಡಿ. ಫೋಟೋ ತೆಗೆಯುವಾಗ ಕೋಣೆಯನ್ನು ಕತ್ತಲೆ ಮಾಡಿ, ಒಂದೇ ದೀಪವನ್ನು ಪಕ್ಕದಿಂದ, ಹಾಳೆಯ ಮಟ್ಟಕ್ಕೆ ತಗ್ಗಿಸಿ ಹಿಡಿದರೆ ಪ್ರತಿ ಚುಕ್ಕೆಯೂ ತನ್ನ ನೆರಳನ್ನು ಚೆಲ್ಲಿ ಎದ್ದು ಕಾಣುತ್ತದೆ. ಚಿತ್ರಕ್ಕೂ ಅದೇ ಬೆಳಕು ಒದಗುತ್ತದೆ.

ಓದಿಸಲು ಬ್ರೈಲ್ ಬಲ್ಲವರನ್ನು ಹುಡುಕುವಾಗ ಕನ್ನಡ ಬ್ರೈಲ್ ಬಲ್ಲವರೇ ಬೇಕು. ಭಾರತೀಯ ಭಾಷೆಗಳಿಗೆ ಸಮಾನವಾದ ಭಾರತಿ ಬ್ರೈಲ್ ನಿಗದಿಯಾದದ್ದು 1951ರಲ್ಲಿ. ಅದಕ್ಕೂ ಮೊದಲು ನಮ್ಮಲ್ಲಿ ಒಂದಕ್ಕಿಂತ ಹೆಚ್ಚು ಪದ್ಧತಿಗಳು ಬಳಕೆಯಲ್ಲಿದ್ದವು. ದೊಡ್ಡಮ್ಮ ಕಲಿತದ್ದು ಅದಕ್ಕೂ ಹಿಂದೆಯಾದರೆ ಇಂದಿನ ಓದುಗರಿಗೆ ಕೆಲವು ಅಕ್ಷರಗಳು ತಪ್ಪಾಗಿ ಕಾಣಬಹುದು; ಅದನ್ನು ಬರೆದವರ ತಪ್ಪೆಂದು ತಿದ್ದಿಬಿಡಬೇಡಿ. ಇಂಗ್ಲಿಷಿಗೂ ಈ ಪಾಡು ತಪ್ಪಿದ್ದಲ್ಲ, ಅಮೆರಿಕ ಮತ್ತು ಬ್ರಿಟನ್‌ಗಳ ಬ್ರೈಲ್ ಒಂದಾಗಲು 1932ರವರೆಗೆ ಕಾಯಬೇಕಾಯಿತು.

ಓದಿಸುವ ಮುನ್ನ ಇನ್ನೊಂದು ಮಾತು. ಬ್ರೈಲ್ ಬಾರದ ಮನೆಯಲ್ಲಿ ಬ್ರೈಲ್‌ನಲ್ಲಿ ಬರೆದದ್ದು ಹೆಚ್ಚುಕಡಿಮೆ ಬೀಗ ಹಾಕಿ ಬರೆದಂತೆ. ಅದರಲ್ಲಿ ಅಡುಗೆಯ ಲೆಕ್ಕವಿರಬಹುದು, ದೇವರನಾಮವಿರಬಹುದು, ನಿಮ್ಮ ತಂದೆತಾಯಿಯ ಮೇಲಿನ ಮುನಿಸೂ ಇರಬಹುದು. ಆದ್ದರಿಂದ ಮೊದಲ ಓದನ್ನು ಕ್ಯಾಮೆರಾ ಇಲ್ಲದೆ, ಮನೆಯ ಹಿರಿಯರೊಬ್ಬರನ್ನು ಮಾತ್ರ ಕೂರಿಸಿಕೊಂಡು ನಡೆಸಿ. ಓದುವವರು ಹೇಳಿದ್ದನ್ನು ನೀವು ಸುಂದರಗೊಳಿಸದೆ ಇದ್ದಂತೆಯೇ ಬರೆದುಕೊಂಡು, ಪ್ರತಿ ಪುಟದ ಕೆಳಗೆ ಓದಿದವರ ಹೆಸರನ್ನೂ ದಿನಾಂಕವನ್ನೂ ನಮೂದಿಸಿ.